ಚಿಕ್ಕಮ್ಮ ಕೇಳಿದ ಪ್ರಶ್ನೆ: ಹಂಗೆ ಹೋದವರು ಎಲ್ಲಿಗೆ ಹೋಗ್ತಾರೆ?

ಶುರು ಮಾಡೋಕೆ ಮುಂಚೆ ಒಂದು ಮಾತು. ಇವತ್ತಿನ ಸಂಚಿಕೆಯಲ್ಲಿ ಆತ್ಮಹತ್ಯೆಯ ವಿಷಯ ಬರುತ್ತೆ. ಕೇಳೋ ಸ್ಥಿತಿಯಲ್ಲಿಲ್ಲ ಅನ್ನಿಸಿದ್ರೆ ಇಲ್ಲೇ ನಿಲ್ಲಿಸಿ, ಇನ್ನೊಂದು ದಿನ ಕೇಳಿ. ಯಾರ ಹತ್ರಾನಾದ್ರೂ ಮಾತಾಡ್ಬೇಕು ಅನ್ನಿಸಿದ್ರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.

ಆರು ವರ್ಷದ ಹಿಂದೆ ನನ್ನ ಚಿಕ್ಕಪ್ಪನ ಮಗ ತೀರಿಕೊಂಡ. ನನಗಿಂತ ಎರಡು ವರ್ಷ ಚಿಕ್ಕವನು. ಹೇಗೆ ಅನ್ನೋದು ಬೇಡ. ಕೇಳಿದವರಿಗೆಲ್ಲ ಹಾರ್ಟ್ ಅಟ್ಯಾಕ್ ಅಂತ ಹೇಳಿದ್ವಿ, ಊರು ನಂಬಿದ ಹಾಗೆ ಇತ್ತು. ತಿಥಿ ದಿನ ಪಂಕ್ತಿಯಲ್ಲಿ ಕೂತಿದ್ದ ಹಿರಿಯರೊಬ್ಬರು ಪಕ್ಕದವರಿಗೆ, "ಹಂಗೆ ಹೋದವರಿಗೆ ಗತಿ ಇಲ್ಲ ಕಣಯ್ಯ, ಆಯಸ್ಸು ಮುಗಿಯೋವರೆಗೂ ಅಲೀತಾನೇ ಇರ್ತಾರೆ" ಅಂದ್ರು. ಬಾಗಿಲ ಹತ್ರ ಕೂತಿದ್ದ ಚಿಕ್ಕಮ್ಮನಿಗೆ ಅದು ಕೇಳಿಸ್ತು.

ಅವತ್ತಿಂದ ಪ್ರತಿ ಮಹಾಲಯ ಅಮಾವಾಸ್ಯೆಗೆ ಚಿಕ್ಕಮ್ಮ ನನ್ನನ್ನ ಕೇಳ್ತಾರೆ. "ನೀನು ಓದಿದೋನು, ಹೇಳಪ್ಪ. ನಮ್ಮ ಹುಡುಗ ಇನ್ನೂ ಅಲೀತಾ ಇದ್ದಾನಾ?" ಅವನ ಫೋಟೋ ಅಜ್ಜ ಅಜ್ಜಿ ಫೋಟೋ ಪಕ್ಕ ಹಾಕಿಲ್ಲ. ಬೀರುವಿನಲ್ಲಿ, ಸೀರೆ ಕೆಳಗೆ ಇದೆ.

ಮೊದಲ ಎರಡು ವರ್ಷ ನಾನು "ಅದೆಲ್ಲ ಮೂಢನಂಬಿಕೆ ಚಿಕ್ಕಮ್ಮ" ಅಂದೆ. ಅದು ಉತ್ತರ ಆಗಿರಲಿಲ್ಲ. ದೇವರನ್ನ ನಂಬೋ ತಾಯಿಗೆ "ನಂಬಬೇಡ" ಅಂದ್ರೆ ಇದ್ದ ಒಂದು ಆಸರೆನೂ ಕಿತ್ಕೊಂಡ ಹಾಗೆ. ಆಮೇಲೆ ಸರಿಯಾಗಿ ಓದೋಕೆ ಕೂತೆ.

ಈಶಾವಾಸ್ಯ ಉಪನಿಷತ್ತಿನ ಮೂರನೇ ಮಂತ್ರದಲ್ಲಿ 'ಆತ್ಮಹನ'ರು ಕತ್ತಲು ಕವಿದ ಲೋಕಗಳಿಗೆ ಹೋಗ್ತಾರೆ ಅಂತ ಬರುತ್ತೆ. ಇದನ್ನೇ ತೋರಿಸಿ ಹೆದರಿಸೋರು ತುಂಬಾ ಜನ. ಆದರೆ ಶಂಕರಾಚಾರ್ಯರ ಭಾಷ್ಯ ನೋಡಿದ್ರೆ ಅಲ್ಲಿ ಅರ್ಥವೇ ಬೇರೆ. ಆತ್ಮಹನರು ಅಂದ್ರೆ ತನ್ನೊಳಗಿನ ಆತ್ಮ ಏನು ಅಂತ ಅರಿಯದ ಅಜ್ಞಾನಿಗಳು. ಆ ಲೆಕ್ಕದಲ್ಲಿ ಪಂಕ್ತಿಯಲ್ಲಿ ಕೂತು ಹಾಗಂದ ಆ ಹಿರಿಯರೂ, ನಾನೂ, ಬಹುಶಃ ನೀವೂ ಅದೇ ಪಟ್ಟಿಯಲ್ಲಿದ್ದೀವಿ.

ಧರ್ಮಶಾಸ್ತ್ರ ಹಾಗಲ್ಲ, ಅದು ಗಟ್ಟಿಯಾಗೇ ಇದೆ. ತಾವಾಗೇ ಜೀವ ಬಿಟ್ಟವರಿಗೆ ತರ್ಪಣ ಇಲ್ಲ, ಸೂತಕ ಇಲ್ಲ ಅಂತ ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತೆ. ಅದನ್ನ ಮುಚ್ಚಿಡೋದಿಲ್ಲ. ಆದರೆ ಆ ಸ್ಮೃತಿಗೆ 'ಮಿತಾಕ್ಷರ' ಅನ್ನೋ ವ್ಯಾಖ್ಯಾನ ಬರೆದವರು ವಿಜ್ಞಾನೇಶ್ವರ, ಆರನೇ ವಿಕ್ರಮಾದಿತ್ಯನ ಕಾಲದವರು, ಇವತ್ತಿನ ಬಸವಕಲ್ಯಾಣದಲ್ಲಿ ಇದ್ದವರು. ಅವರು ಇದೇ ಜಾಗದಲ್ಲಿ ನಾರಾಯಣಬಲಿಯ ಮಾತು ತರ್ತಾರೆ. ಅಂದ್ರೆ ಒಂಬೈನೂರು ವರ್ಷದ ಹಿಂದೆನೇ, ಹೀಗೆ ಹೋದವರನ್ನ ಹೊರಗೇ ಬಿಡೋಕೆ ಮನಸ್ಸಿಲ್ಲದೆ ಒಳಗೆ ಕರ್ಕೊಳ್ಳೋ ದಾರಿ ಹುಡುಕಿದ್ರು. ಗೋಕರ್ಣದಲ್ಲಿ, ಶ್ರೀರಂಗಪಟ್ಟಣದಲ್ಲಿ ಇವತ್ತಿಗೂ ಆ ಕರ್ಮ ಮಾಡಿಸ್ತಾರೆ.

ಬೇರೆ ಧರ್ಮಗಳಲ್ಲೂ ಇಂಥದ್ದೇ ಕಂಡಿತು. ಕ್ಯಾಥೊಲಿಕ್ ಚರ್ಚಿನ 1917ರ ಕಾನೂನಿನಲ್ಲಿ, ಬೇಕಂತಲೇ ಜೀವ ತೆಗೆದುಕೊಂಡವರಿಗೆ ಚರ್ಚಿನ ಶವಸಂಸ್ಕಾರ ಇಲ್ಲ ಅಂತ ಇತ್ತು. 1983ರ ಹೊಸ ಕಾನೂನಿನಲ್ಲಿ ಆ ಮಾತೇ ಇಲ್ಲ. 1992ರ ಧರ್ಮೋಪದೇಶ ಗ್ರಂಥದಲ್ಲಿ, ಆತ್ಮಹತ್ಯೆ ತಪ್ಪು ಅಂತ ಹೇಳಿದ ಮೇಲೆ, ತೀವ್ರ ಮಾನಸಿಕ ತೊಂದರೆ ಇದ್ದವರ ಹೊಣೆ ಕಡಿಮೆ ಆಗುತ್ತೆ, ಅವರ ಮೋಕ್ಷದ ಬಗ್ಗೆ ಆಸೆ ಬಿಡಬಾರದು ಅಂತಾನೂ ಹೇಳಿದ್ದಾರೆ. ಇಸ್ಲಾಮಿನಲ್ಲಿ ಆತ್ಮಹತ್ಯೆ ದೊಡ್ಡ ಪಾಪ, ಅದರಲ್ಲಿ ಎರಡು ಮಾತಿಲ್ಲ. ಆದ್ರೂ ಬಹುಪಾಲು ವಿದ್ವಾಂಸರು ಅಂಥವರಿಗೂ ಜನಾಝಾ ನಮಾಜ್ ಇದೆ ಅಂತಾರೆ. ಜೊತೆಗೆ ಒಂದು ಹದೀಸ್ ಇದೆ: ಮೂರು ಜನರ ಲೆಕ್ಕ ಬರೆಯೋ ಲೇಖನಿ ಎತ್ತಿಟ್ಟಿರುತ್ತೆ, ನಿದ್ದೆಯಲ್ಲಿರೋರು, ಮಕ್ಕಳು, ಬುದ್ಧಿ ಸ್ವಾಧೀನದಲ್ಲಿ ಇಲ್ಲದವರು.

ನಮ್ಮ ಕಾನೂನಿಗೆ ಇದು ಅರ್ಥ ಆಗೋಕೆ ತಡ ಆಯ್ತು. ಪ್ರಯತ್ನ ಮಾಡಿ ಬದುಕುಳಿದವರಿಗೆ ಒಂದು ವರ್ಷದವರೆಗೆ ಜೈಲು ಅಂತಿತ್ತು, ಐಪಿಸಿ 309. 2017ರ ಮಾನಸಿಕ ಆರೋಗ್ಯ ಕಾಯ್ದೆ ಬಂದ ಮೇಲೆ, ಅಂಥವರು ತೀವ್ರ ಒತ್ತಡದಲ್ಲಿದ್ರು ಅಂತಲೇ ಭಾವಿಸಬೇಕು, ಶಿಕ್ಷೆ ಅಲ್ಲ ಆರೈಕೆ ಕೊಡಬೇಕು ಅಂತಾಯ್ತು.

ಇನ್ನು ನನ್ನನ್ನ ಹೆಚ್ಚು ಕಾಡೋ ವಿಷಯ. ಅವನು ಹೋಗೋಕೆ ಮುಂಚೆ ನಾಲ್ಕೈದು ತಿಂಗಳು ನಿದ್ದೆ ಇರಲಿಲ್ಲ, ಊಟ ಸೇರ್ತಿರಲಿಲ್ಲ, ಕಾಲೇಜಿಗೆ ಹೋಗೋದು ಬಿಟ್ಟಿದ್ದ. ಮನೆಯವರು "ಗಾಳಿ ಸೋಕಿದೆ" ಅಂತ ತಾಯಿತ ಕಟ್ಟಿಸಿದ್ರು. ನಾನು ಬೆಂಗಳೂರಿಂದ ಫೋನಿನಲ್ಲಿ "ಜಿಮ್‌ಗೆ ಹೋಗೋ, ಸರಿ ಹೋಗ್ತೀಯ" ಅಂದೆ. ನನ್ನ ಮಾತಿಗಿಂತ ತಾಯಿತನೇ ವಾಸಿ. ಅದನ್ನ ಕಟ್ಟುವಾಗ ಯಾರೋ ಅವನ ಕೈಯನ್ನಾದ್ರೂ ಹಿಡ್ಕೊಂಡಿದ್ರು.

ವ್ಯಂಗ್ಯ ಅಲ್ಲ ಇದು. ನಿಮ್ಹಾನ್ಸ್ ವೈದ್ಯರು ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನದಲ್ಲಿ ಉಳ್ಕೊಂಡಿದ್ದ 31 ಮನೋರೋಗಿಗಳನ್ನ ಗಮನಿಸಿದ್ರು, ವರದಿ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಅಲ್ಲಿ ವಿಶೇಷ ಪೂಜೆ ಏನೂ ಇಲ್ಲ. ಜೊತೆಗೆ ಮನೆಯವರು, ಸಣ್ಣಪುಟ್ಟ ಕೆಲಸ, ಬೈಯೋರಿಲ್ಲದ ಜಾಗ. ಅಷ್ಟರಲ್ಲೇ ರೋಗ ಲಕ್ಷಣ ಸುಮಾರು 20 ಶೇಕಡಾ ಇಳಿದಿತ್ತು. ಅದೇ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಬಂದ ರೋಗಿಗಳನ್ನ ಇಟ್ಟುಕೊಳ್ತಿದ್ದ ಒಂದು ಖಾಸಗಿ ಶೆಡ್ಡಿಗೆ 2001ರ ಆಗಸ್ಟ್ 6ರಂದು ಬೆಂಕಿ ಬಿತ್ತು. ಸರಪಳಿ ಹಾಕಿ ಕಟ್ಟಿದ್ದರಿಂದ ಓಡೋಕಾಗದೆ 28 ಜನ ಸತ್ರು. ಹಾಗಾಗಿ ದೇವಸ್ಥಾನಕ್ಕೆ ಕರ್ಕೊಂಡು ಹೋಗ್ತೀವಿ ಅನ್ನೋರಿಗೆ ನಾನು ಬೇಡ ಅನ್ನಲ್ಲ. ಬರ್ತಾ ದಾರೀಲಿ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೂ ನೋಡ್ಕೊಂಡು ಬನ್ನಿ ಅಂತೀನಿ. ಖಿನ್ನತೆಗೆ ಮಾತ್ರೆ ಇದೆ, ಕೆಲಸ ಮಾಡೋಕೆ ಕೆಲವು ವಾರ ಬೇಕು, ಮಧ್ಯದಲ್ಲಿ ನಿಲ್ಲಿಸಬಾರದು.

ಇನ್ನೊಂದು. ಸ್ನೇಹಿತರು ಮಂಕಾಗಿದ್ರೆ "ಸಾಯೋ ಯೋಚನೆ ಏನಾದ್ರೂ ಬರ್ತಿದೆಯಾ?" ಅಂತ ನೇರವಾಗಿ ಕೇಳಿ. ಕೇಳಿದ್ರೆ ಆ ಯೋಚನೆ ತಲೆಗೆ ಹೊಕ್ಕೋಗುತ್ತೆ ಅನ್ನೋದು ಸುಳ್ಳು. ಹೌದು ಅಂದ್ರೆ ಅವರನ್ನ ಒಬ್ಬರನ್ನೇ ಬಿಡಬೇಡಿ. ಪಾಪ ಪುಣ್ಯದ ಮಾತಂತೂ ಆ ಹೊತ್ತಲ್ಲಿ ಬೇಡವೇ ಬೇಡ. ಮೊದಲೇ ತಾನು ಎಲ್ಲರಿಗೂ ಭಾರ ಅಂತ ಅಂದ್ಕೊಂಡಿರೋರು ಅವರು.

ಹೋದ ವರ್ಷ ಮಹಾಲಯಕ್ಕೆ ಊರಿಗೆ ಹೋದಾಗ ಇದನ್ನೆಲ್ಲ ಚಿಕ್ಕಮ್ಮನಿಗೆ ಹೇಳಿದೆ. ಹೆಸರುಗಳು, ಇಸವಿಗಳು ಬೇಡ ಅಂದ್ರು. "ಅವನಿಗೆ ಕಾಯಿಲೆ ಆಗಿತ್ತು ಚಿಕ್ಕಮ್ಮ. ಕಾಯಿಲೆಯಲ್ಲಿ ಹೋದ. ಕಾಯಿಲೆ ಆದೋರನ್ನ ಯಾವ ದೇವರು ಅಲೆಸ್ತಾನೆ?" ಅಂದೆ. ತುಂಬಾ ಹೊತ್ತು ಸುಮ್ಮನಿದ್ರು. ಕೊನೆಗೆ, "ಆ ಮಾತು ಅವತ್ತೇ ಯಾರಾದ್ರೂ ಹೇಳಬಾರದಿತ್ತಾ?" ಅಂದ್ರು.

ಸಂಜೆ ಅವರೇ ಬೀರು ತೆಗೆದು ಫೋಟೋ ಕೊಟ್ರು, ಕಟ್ಟು ಹಾಕಿಸ್ಕೊಂಡು ಬಾ ಅಂತ. ಈಗ ಅದು ಅಜ್ಜಿ ಪಕ್ಕದಲ್ಲಿದೆ. ಆದ್ರೆ ಯಾರಾದ್ರೂ ನೆಂಟರು ಬಂದು ಕೇಳಿದ್ರೆ ಚಿಕ್ಕಪ್ಪ ಇನ್ನೂ ಹಾರ್ಟ್ ಅಟ್ಯಾಕ್ ಅಂತಾನೇ ಹೇಳ್ತಾರೆ.