ಬಿಳಿಯ ರಕ್ತಕಣಗಳ ಗುರುತು



ನೀಲಗಿರಿಯ ಗಿರಿಜನರ ರಕ್ತದಲ್ಲಿ ಕುಡುಗೋಲಿನಾಕಾರಕ್ಕೆ ತಿರುಗುವ ಕೆಂಪುಕಣಗಳಿರುವುದನ್ನು ಲೇಮನ್ ಮತ್ತು ಕಟ್‌ಬುಷ್ ಎಂಬ ವಿದ್ವಾಂಸರು 1952ರಲ್ಲಿ ಪ್ರಕಟಿಸಿದರು. ಅಂದಿನಿಂದ ಕೆಂಪುಕಣಗಳ ಮಾತು ನಮ್ಮ ಸೀಮೆಗೆ ಅಷ್ಟಿಷ್ಟು ಪರಿಚಿತ. ಬಿಳಿಯ ಕಣಗಳ ವಿಷಯ ಹಾಗಲ್ಲ. ಬೊಕ್ಕಾಪುರದ ಈ ಸಭೆಯಲ್ಲಿ ನಾವು ಅದನ್ನೇ ಅರಿಕೆ ಮಾಡಬಯಸುತ್ತೇವೆ.

ನಮ್ಮ ನೆಂಟರಲ್ಲಿ ಹಿರಿಯರೊಬ್ಬರು ಕಣ್ಣಿನ ಪೊರೆ ತೆಗೆಸುವ ಮುನ್ನ ರಕ್ತಪರೀಕ್ಷೆಗೆ ಹೋದರು. ಲಿಂಫೊಸೈಟುಗಳ ಎಣಿಕೆ ಮೈಕ್ರೊಲೀಟರಿಗೆ 9,000 ಎಂದು ಬಂದಿತು. ವಯಸ್ಕರಲ್ಲಿ ಅದು ಸುಮಾರು 1,000ದಿಂದ 4,000ದವರೆಗೆ ಇರತಕ್ಕದ್ದು. ಸೋಂಕೆಂದು ಔಷಧವಾಯಿತು, ಮೂರು ತಿಂಗಳ ಬಳಿಕವೂ ಎಣಿಕೆ ಇಳಿಯಲಿಲ್ಲ. ಅಷ್ಟರಲ್ಲಿ ರಕ್ತಾರ್ಬುದವೆಂಬ ಮಾತು ಯಾರ ಬಾಯಿಂದಲೋ ಹೊರಟು, ಮನೆಯವರು ಹೊಲ ಮಾರುವ ಯೋಚನೆಗೆ ಬಂದರು.

ಇಲ್ಲಿ ಒಂದು ಎಚ್ಚರ. ಶೇಕಡಾ ಲೆಕ್ಕವನ್ನು ನೋಡಿ ಹೆದರಬಾರದು. ಒಟ್ಟು ಬಿಳಿಕಣಗಳು 4,000 ಇದ್ದು ಲಿಂಫೊಸೈಟು ಶೇಕಡಾ 60 ಆದರೆ, ನಿಜವಾದ ಎಣಿಕೆ 2,400 ಮಾತ್ರ, ಅದು ಸಹಜವೇ. ನಿಜವಾಗಿಯೇ ಏರಿದ್ದರೂ ವೈರಸ್ ಜ್ವರ, ಧೂಮಪಾನ, ಗುಲ್ಮವನ್ನು ತೆಗೆಸಿರುವುದು ಮುಂತಾದ ಕಾರಣಗಳಿರಬಹುದು. ಮೂರು ತಿಂಗಳು ಮೀರಿಯೂ ಇಳಿಯದಿದ್ದರೆ ಮಾತ್ರ ಕಣಗಳ ಕುಲವನ್ನು ಕೇಳಬೇಕಾಗುತ್ತದೆ.

ಅದನ್ನು ಕೇಳುವ ಬಗೆ ಹೀಗೆ. ಸಂಜೆ ಊರಿಗೆ ಮರಳುವ ದನದ ಹಿಂಡಿನಲ್ಲಿ ಹತ್ತು ಮನೆಯ ಗುರುತುಗಳಿದ್ದರೆ ಸೋಜಿಗವೇನಿಲ್ಲ. ಹಿಂಡೆಲ್ಲ ಒಂದೇ ಗುರುತಿನದಾದರೆ, ಒಂದೇ ಹಸುವಿನ ಸಂತತಿಯೋ ಎಂದು ಕೇಳುತ್ತೇವೆ. ಲಿಂಫೊಸೈಟಿನ ಮೈಮೇಲೂ ಇಂತಹ ಗುರುತುಗಳುಂಟು; ಅವನ್ನು ಸಿಡಿ ಎಂಬ ಹೆಸರಿನಿಂದ, ಅಂಕಿಗಳಿಂದ ಕರೆಯುತ್ತಾರೆ. ಒಂದೊಂದು ಗುರುತಿಗೂ ಅಂಟುವ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಿ ರಕ್ತಕ್ಕೆ ಬೆರೆಸಿ, ಕಣಗಳನ್ನು ಒಂದರ ಹಿಂದೊಂದಾಗಿ ಲೇಸರ್ ಬೆಳಕಿನೆದುರು ಹಾಯಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಸಾವಿರಾರು ಕಣಗಳ ಲೆಕ್ಕ ಸಿಗುತ್ತದೆ. ಇದಕ್ಕೆ ಫ್ಲೋ ಸೈಟೋಮೆಟ್ರಿ ಎಂದು ಹೆಸರು. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು ಕೋಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಕಂಡುಹಿಡಿಯದಿದ್ದರೆ ಈ ಪರೀಕ್ಷೆ ಇಂದಿನ ರೂಪಕ್ಕೆ ಬರುತ್ತಿರಲಿಲ್ಲ.

ಸಹಜವಾದ ಬಿ-ಕಣಗಳಲ್ಲಿ ಕೆಲವು ಕಪ್ಪಾ ಎಂಬ ಸರಪಣಿಯನ್ನೂ ಕೆಲವು ಲ್ಯಾಂಬ್ಡಾ ಎಂಬುದನ್ನೂ ಹೊತ್ತಿರುತ್ತವೆ. ನಮ್ಮ ಹಿರಿಯರ ಕಣಗಳಲ್ಲಿ ಕಪ್ಪಾ ಒಂದೇ. ಜತೆಗೆ ಸಿಡಿ 5, ಸಿಡಿ 19, ಸಿಡಿ 23 ಒಟ್ಟಿಗೆ ಇದ್ದವು. ದೀರ್ಘಕಾಲಿಕ ಲಿಂಫೊಸೈಟು ರಕ್ತಾರ್ಬುದವೇ ಹೌದು. ಅಂತಹ ಕಣಗಳು 5,000ಕ್ಕಿಂತ ಕಡಮೆಯಿದ್ದು ಬೇರೆ ಲಕ್ಷಣಗಳಿಲ್ಲದಿದ್ದರೆ ಆ ಹೆಸರು ಕೊಡುವುದಿಲ್ಲ.

ಆದರೆ ಹೆಸರು ಕೇಳಿ ಅತ್ತ ಮನೆಯವರಿಗೆ ವೈದ್ಯರು ಹೇಳಿದ್ದು ಬೇರೆ. ಜೋಧಪುರದಲ್ಲಿ ಹುಟ್ಟಿ ಅಮೆರಿಕೆಯಲ್ಲಿ ದುಡಿದ ಕಾಂತಿ ರಾಯ್ ಅವರು 1975ರಲ್ಲಿಯೇ ಈ ರೋಗದ ಹಂತಗಳನ್ನು ಗೊತ್ತುಮಾಡಿದ್ದಾರೆ. ಗಂಟುಗಳಿಲ್ಲ, ಗುಲ್ಮ ಊದಿಲ್ಲ, ರಕ್ತಹೀನತೆಯಿಲ್ಲ: ಇದು ಸೊನ್ನೆಯ ಹಂತ. ಈ ಹಂತದಲ್ಲಿ ಬೇಗ ಔಷಧ ಕೊಟ್ಟರೆ ಆಯುಸ್ಸು ಹೆಚ್ಚುವುದಿಲ್ಲವೆಂದು ಕಂಡುಬಂದಿರುವುದರಿಂದ ಕಾದು ನೋಡುವುದೇ ಕ್ರಮ. ಹೊಲ ಉಳಿಯಿತು.

ದಾರಿಯ ಮಾತೊಂದು. ಬಂಡೀಪುರದ ಹೆದ್ದಾರಿಯನ್ನು 2009ರಿಂದ ರಾತ್ರಿ ಮುಚ್ಚುತ್ತಾರೆ. ಮೈಸೂರಿಗೆ ಹೊರಟವರು ಹೊತ್ತು ನೋಡಿಯೇ ಹೊರಡಬೇಕು. ಆದರೆ ಈ ಪರೀಕ್ಷೆಗೆ ರೋಗಿಯೇ ಹೋಗಬೇಕೆಂದಿಲ್ಲ. ನೇರಳೆ ಮುಚ್ಚಳದ ಕೊಳವೆಯಲ್ಲಿ ತೆಗೆದ ರಕ್ತವನ್ನು ಹೆಪ್ಪುಗಟ್ಟುವಂತೆ ಮಂಜಿನಲ್ಲಿಡದೆ, ಸಾಧಾರಣವಾಗಿ 48 ಗಂಟೆಗಳೊಳಗೆ ಮುಟ್ಟಿಸಿದರೆ ಸಾಕು. ಹಳೆಯ ರಕ್ತಪರೀಕ್ಷೆಯ ಚೀಟಿಗಳನ್ನೂ ಜತೆಗಿರಿಸಿ. ಮೂರು ತಿಂಗಳ ಲೆಕ್ಕ ಅವುಗಳಲ್ಲಿಯೇ ಇರುತ್ತದೆ.