ಕಾಲೇಜಿನ ಫೀ ಏಕೆ ಏರುತ್ತದೆ? ದುಡ್ಡು ಎಲ್ಲಿಗೆ ಹೋಗುತ್ತದೆ?

(ಡೊಂಬಿವಲಿಯಲ್ಲಿ ಕಾರ್ಮಿಕ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣ)



ಜೂನ್ ತಿಂಗಳು ಬಂತೆಂದರೆ ನಮ್ಮ ಮನೆಗಳಲ್ಲಿ ಎರಡು ಚಿಂತೆ. ಒಂದು ಸೋರುವ ಮಾಡು, ಇನ್ನೊಂದು ಮಕ್ಕಳ ಕಾಲೇಜಿನ ಫೀ. ಮಾಡಿಗೆ ತಗಡು ಹೊದಿಸಿದರೆ ಮಳೆಗಾಲ ಕಳೆಯುತ್ತದೆ. ಫೀ ಮಾತ್ರ ವರ್ಷ ವರ್ಷವೂ ಏರುತ್ತದೆ. ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ದುಡಿಯುವ ನಾವು ಕಾರಣ ತಿಳಿಯದೆ ಬರೇ ಶಪಿಸಿದರೆ ಫಲವಿಲ್ಲ.

ಮೊದಲನೆಯ ಕಾರಣ ನಮ್ಮ ಅಡುಗೆಮನೆಯಲ್ಲೇ ಇದೆ. ಒರಳುಕಲ್ಲಿನ ಜಾಗಕ್ಕೆ ಗ್ರೈಂಡರ್ ಬಂತು. ಹಲವರ ಕೆಲಸವನ್ನು ಒಬ್ಬನೇ ಮಾಡುತ್ತಾನೆ. ಗಿರಣಿಯ ಮಗ್ಗದಲ್ಲೂ ಹಾಗೆಯೇ. ಆದರೆ ಒಂದು ತಾಸಿನ ಪಾಠಕ್ಕೆ ಅಧ್ಯಾಪಕರಿಗೆ ಇಂದಿಗೂ ಒಂದು ತಾಸು ಬೇಕು. ಊರಿನಲ್ಲಿ ಎಲ್ಲರ ಸಂಬಳ ಏರಿದಾಗ ಅವರದೂ ಏರಲೇಬೇಕು. ಅಮೆರಿಕದ ಅರ್ಥಶಾಸ್ತ್ರಜ್ಞ ವಿಲಿಯಂ ಬೌಮೋಲ್ ಎಂಬವರು 1966ರಲ್ಲಿ ಸಹಲೇಖಕರೊಡನೆ ನಾಟಕ, ಸಂಗೀತಗಳ ಖರ್ಚನ್ನು ಪರಿಶೀಲಿಸಿ ಈ ನಿಯಮವನ್ನು ತೋರಿಸಿದರು. ಇದರಲ್ಲಿ ಯಾರ ತಪ್ಪೂ ಇಲ್ಲ. ಅಧ್ಯಾಪಕನೂ ದುಡಿದು ಉಣ್ಣುವವನೇ.

ಎರಡನೆಯ ಕಾರಣ ದೊಡ್ಡದು. ಅನುದಾನಿತ ಕಾಲೇಜಿನಲ್ಲಿ ಸಂಬಳದ ಹೊರೆಯನ್ನು ಸರಕಾರ ಹೊರುತ್ತದೆ. 1983ರಲ್ಲಿ ವಸಂತದಾದಾ ಪಾಟೀಲರ ಸರಕಾರ ಅನುದಾನವಿಲ್ಲದ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳಿಗೆ ದಾರಿ ತೆರೆಯಿತು. ಅಂಥಲ್ಲಿ ಸಂಬಳ, ಪ್ರಯೋಗಶಾಲೆ, ಕಟ್ಟಡದ ಸಾಲ, ಜಾಹೀರಾತು ಎಲ್ಲವೂ ವಿದ್ಯಾರ್ಥಿಯ ಫೀಯಿಂದಲೇ ಹೊರಡಬೇಕು. ಒಂದೇ ಕಟ್ಟಡದಲ್ಲಿ ಅನುದಾನದ ಬಿ.ಕಾಂ. ತರಗತಿಗೆ ಒಂದು ಫೀ, ಪಕ್ಕದ ಸ್ವವೆಚ್ಚದ ಬಿ.ಎಂ.ಎಸ್. ತರಗತಿಗೆ ಬೇರೆಯೇ ಫೀ ಇರುವುದನ್ನು ನಾವು ಕಂಡಿದ್ದೇವೆ. ಖರ್ಚು ಬೆಳೆದದ್ದು ಒಂದು ಪಾಲಾದರೆ, ಹೊರೆ ಸರಕಾರದ ಹೆಗಲಿನಿಂದ ನಮ್ಮ ಹೆಗಲಿಗೆ ಜಾರಿದ್ದು ಇನ್ನೊಂದು ಪಾಲು.

ಮೂರನೆಯದು ಪೈಪೋಟಿ. ಹೊವರ್ಡ್ ಬೋವೆನ್ ಎಂಬವರು 1980ರಲ್ಲಿ ಹೇಳಿದ ಮಾತಿನ ಸಾರ ಇಷ್ಟು: ವಿದ್ಯಾಸಂಸ್ಥೆಗಳು ಕೂಡಿಸಬಹುದಾದಷ್ಟನ್ನು ಕೂಡಿಸುತ್ತವೆ, ಕೂಡಿಸಿದ್ದನ್ನೆಲ್ಲ ಖರ್ಚು ಮಾಡುತ್ತವೆ. ಸಾಕೆಂಬ ಗೆರೆ ಅಲ್ಲಿಲ್ಲ.

ನಮ್ಮ ನಾಡಿನ ಅನುಭವವೂ ಇದೆ. 1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಮುಂದೆ ಇಂಥ ಕಾಲೇಜುಗಳು ಹೆಚ್ಚಿದಾಗ, 1984ರಲ್ಲಿ ಕರ್ನಾಟಕವು ಕ್ಯಾಪಿಟೇಶನ್ ಫೀಯನ್ನು ನಿಷೇಧಿಸಿತು. ಆದರೂ 1989ರ ಆಜ್ಞೆಯಂತೆ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000 ರೂಪಾಯಿ! 1992ರಲ್ಲಿ ಸುಪ್ರೀಂ ಕೋರ್ಟು ಇದನ್ನು ಕ್ಯಾಪಿಟೇಶನ್ ಫೀ ಎಂದೇ ಕರೆಯಿತು. 2002ರ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪಿನಲ್ಲಿ, ಸಂಸ್ಥೆಯ ಬೆಳವಣಿಗೆಗಾಗಿ ಮಿತವಾದ ಉಳಿತಾಯ ಸರಿ, ಲಾಭಕೋರತನ ಸಲ್ಲದು ಎಂದಿತು. 2015ರ ಕಾಯಿದೆಯಂತೆ ಮಹಾರಾಷ್ಟ್ರದಲ್ಲಿ ಅನುದಾನವಿಲ್ಲದ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳ ಫೀಯನ್ನು ಶುಲ್ಕ ನಿಯಂತ್ರಣ ಪ್ರಾಧಿಕಾರ ನಿಶ್ಚಯಿಸುತ್ತದೆ.

ಹಾಗಾದರೆ ನಾವು ಮಾಡಬೇಕಾದ್ದೇನು? ದುಡ್ಡು ಕಟ್ಟುವ ಮೊದಲು ಪ್ರಾಧಿಕಾರ ಒಪ್ಪಿದ ಫೀ ಎಷ್ಟೆಂದು ನೋಡಿ. ಅದರ ಪಟ್ಟಿ ಜಾಲತಾಣದಲ್ಲಿದೆ. ರಸೀದಿಯಿಲ್ಲದೆ ಕಾಸು ಕೊಡಬೇಡಿ. 2024-25ರಿಂದ, ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗೆ ಮೀರದ ಆರ್ಥಿಕ ದುರ್ಬಲ ಮತ್ತು ಇತರೆ ಹಿಂದುಳಿದ ವರ್ಗಗಳ ಹೆಣ್ಣುಮಕ್ಕಳು ಸರಕಾರದ ಕೇಂದ್ರೀಕೃತ ಪ್ರವೇಶದ ಮೂಲಕ ವೃತ್ತಿಶಿಕ್ಷಣಕ್ಕೆ ಸೇರಿದರೆ, ಬೋಧನಾ ಶುಲ್ಕವನ್ನೂ ಪರೀಕ್ಷಾ ಶುಲ್ಕವನ್ನೂ ಮಹಾರಾಷ್ಟ್ರ ಸರಕಾರವೇ ಭರಿಸುತ್ತದೆ. ಮ್ಯಾನೇಜ್‌ಮೆಂಟ್ ಸೀಟಿಗೆ, ಡೀಮ್ಡ್ ವಿಶ್ವವಿದ್ಯಾಲಯಕ್ಕೆ ಇದು ಸಿಗದು. ಆದಾಯದ, ವಾಸ್ತವ್ಯದ ದಾಖಲೆಗಳನ್ನು ಮೊದಲೇ ಮಾಡಿಸಿಡಿ. ಸಾಲ ಮಾಡುವುದಾದರೆ, ಓದು ಮುಗಿಯುವ ತನಕವೂ ಬಡ್ಡಿ ಬೆಳೆಯುತ್ತಿರುತ್ತದೆ ಎಂಬುದನ್ನು ಮರೆಯದಿರಿ.

ನಮ್ಮಲ್ಲಿ ಒಂದು ಕೆಟ್ಟ ಅಭ್ಯಾಸವಿದೆ. ದುಡ್ಡು ಸಾಲದಾದಾಗ ಮಗನ ಫೀ ಕಟ್ಟಿ ಮಗಳನ್ನು ಮನೆಯಲ್ಲಿ ಕೂರಿಸುತ್ತೇವೆ. ದಾರಿ ಇದ್ದೂ ತಿಳಿಯದೆ ಹಾಗೆ ಮಾಡಿದರೆ ಅದು ಬಡತನವಲ್ಲ, ಅಜ್ಞಾನ.

ಹಗಲು ಕಪ್ಪುಬಸಿ ತೊಳೆದು, ರಾತ್ರಿ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹಿರಿಯರ ಪೀಳಿಗೆ ನಮ್ಮದು. ಸಂಘದ ಮಹಾಸಭೆಯಲ್ಲಿ ಹತ್ತು ರೂಪಾಯಿಯ ಚಹಾದ ಲೆಕ್ಕ ಕೇಳುವ ನಾವು ಕಾಲೇಜಿನ ಕಿಟಕಿಯೆದುರು ಮಾತ್ರ ಏಕೆ ಮೂಕರಾಗಬೇಕು? ಲೆಕ್ಕ ಕೇಳೋಣ. ಮಕ್ಕಳನ್ನು ಓದಿಸೋಣ.