ಹೊಸ ಆವೃತ್ತಿಯೂ ಹಳೆಯ ಬಳಕೆದಾರನೂ

(ಬಾನುಲಿ ಭಾಷಣ)

ಫರ್ಡಿನೆಂಡ್ ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದುದು 1894ರಲ್ಲಿ. ಮುಕ್ಕಾಲು ಶತಮಾನ ಕಳೆದ ಮೇಲೆ ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ವಿಸ್ತರಿಸಿದರು. ಮದರಾಸು ವಿಶ್ವವಿದ್ಯಾನಿಲಯ ಅದನ್ನು ಸಂಪುಟಗಳಲ್ಲಿ ಪ್ರಕಟಿಸಿತು. ಪರಿಷ್ಕೃತ ನಿಘಂಟು ಬಂದ ದಿನ ಹಳೆಯ ನಿಘಂಟು ಯಾರ ಕಪಾಟಿನಿಂದಲೂ ಮಾಯವಾಗಲಿಲ್ಲ. ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡಿದ್ದ ಟಿಪ್ಪಣಿಗಳು ಅಳಿಸಿಹೋಗಲಿಲ್ಲ. ಬೇಕಾದವರು ಎರಡನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟುಕೊಂಡು, ಹೊಸದರಲ್ಲಿ ಸೇರಿದ್ದೇನು, ಬದಲಾದದ್ದೇನು ಎಂದು ನೋಡಬಹುದಾಗಿತ್ತು, ಇಂದಿಗೂ ನೋಡಬಹುದು. ಪುಸ್ತಕಲೋಕದಲ್ಲಿ ಹೊಸ ಆವೃತ್ತಿ ಎಂದರೆ ಇಷ್ಟೇ. ಅದು ಓದುಗನ ಮುಂದೆ ಬಂದು ನಿಲ್ಲುತ್ತದೆ. ಬೇಕೆಂದರೆ ಅವನು ಕೊಳ್ಳುತ್ತಾನೆ, ಬೇಡವೆಂದರೆ ಹಳೆಯದರಲ್ಲೇ ಸುಖವಾಗಿರುತ್ತಾನೆ.

ಕಂಪ್ಯೂಟರು, ಮೊಬೈಲುಗಳ ಒಳಗಿದ್ದು ಕೆಲಸ ಮಾಡುವ ತಂತ್ರಾಂಶಗಳಿಗೂ ಆವೃತ್ತಿಗಳುಂಟು. ಆದರೆ ಅವುಗಳ ರೀತಿಯೇ ಬೇರೆ. ತಂತ್ರಾಂಶದ ಹೊಸ ಆವೃತ್ತಿ ಹಳೆಯದರ ಪಕ್ಕದಲ್ಲಿ ಕುಳಿತುಕೊಳ್ಳುವುದಿಲ್ಲ. ಹಳೆಯದರ ಮೇಲೆಯೇ ಕುಳಿತುಕೊಳ್ಳುತ್ತದೆ. ಅನೇಕ ವೇಳೆ ಅದು ಬರುವುದು ರಾತ್ರಿ, ನಾವು ಮಲಗಿರುವಾಗ. ಬೆಳಿಗ್ಗೆ ಎದ್ದು ನೋಡಿದರೆ ಬಲಗಡೆಯ ಗುಂಡಿ ಎಡಕ್ಕೆ ಹೋಗಿರುತ್ತದೆ, ಬೆರಳಿಗೆ ಅಭ್ಯಾಸವಾಗಿದ್ದ ದಾರಿ ಮುಚ್ಚಿರುತ್ತದೆ, ಅಲ್ಲಿ ಹೊಸದೊಂದು ಚಿತ್ರ ಕಣ್ಣು ಮಿಟುಕಿಸುತ್ತಿರುತ್ತದೆ. ‘ನಿಮ್ಮ ಅನುಭವವನ್ನು ಉತ್ತಮಪಡಿಸಿದ್ದೇವೆ’ ಎಂಬ ಒಕ್ಕಣೆ ಬೇರೆ. ಅನುಭವ ನಮ್ಮದು, ಅದು ಉತ್ತಮವಾಯಿತೆಂದು ಹೇಳುವವರು ಅವರು!

ಹಾಗೆಂದು ನಾನು ಹೊಸ ಆವೃತ್ತಿಗಳ ವಿರೋಧಿಯೆಂದು ಕೇಳುಗರು ಭಾವಿಸಬಾರದು. ತಂತ್ರಾಂಶ ಕಲ್ಲಿನ ಮೇಲೆ ಕೊರೆದ ಶಾಸನವಲ್ಲ. ಅದರಲ್ಲಿ ಬಿರುಕುಗಳಿರುತ್ತವೆ, ಆ ಬಿರುಕುಗಳಿಂದ ಕಳ್ಳರು ನುಗ್ಗುತ್ತಾರೆ. 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶವೊಂದು ಅನೇಕ ದೇಶಗಳ ಕಂಪ್ಯೂಟರುಗಳಿಗೆ ನುಗ್ಗಿ, ಕಡತಗಳಿಗೆ ಬೀಗ ಜಡಿದು, ಬೀಗ ತೆಗೆಯಲು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳೇ ನಿಂತುಹೋದವು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಅದೇ ವರ್ಷದ ಮಾರ್ಚ್ ತಿಂಗಳಲ್ಲೇ ಹೊರಡಿಸಿತ್ತು. ಹಾಕಿಕೊಂಡವರು ಉಳಿದರು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಆದುದರಿಂದ ದುರಸ್ತಿ ಬೇಕೇ ಬೇಡವೇ ಎಂಬುದು ಪ್ರಶ್ನೆಯಲ್ಲ. ವಾಸವಿರುವ ಮನೆಯನ್ನು ದುರಸ್ತಿ ಮಾಡುವಾಗ ವಾಸವಿರುವವನ ಮಾತು ಎಷ್ಟರಮಟ್ಟಿಗೆ ನಡೆಯಬೇಕು ಎಂಬುದು ಪ್ರಶ್ನೆ.

ನಮ್ಮ ಹಿರಿಯರು ಈ ಪ್ರಶ್ನೆಯನ್ನು ದೇವಾಲಯಗಳ ವಿಷಯದಲ್ಲಿ ಯೋಚಿಸಿದ್ದರು. ಜೀರ್ಣೋದ್ಧಾರಕ್ಕೆ ಕೈಹಾಕುವ ಮೊದಲು ಮೂಲಮೂರ್ತಿಯ ಸಾನ್ನಿಧ್ಯವನ್ನು ಕಲಶದಲ್ಲಿ ಆವಾಹಿಸಿ, ‘ಬಾಲಾಲಯ’ವೆಂಬ ಪುಟ್ಟ ಗುಡಿಯೊಂದನ್ನು ಪಕ್ಕದಲ್ಲಿ ಕಟ್ಟಿ, ಅಲ್ಲಿ ಪೂಜೆ ಮುಂದುವರಿಯುವಂತೆ ಮಾಡುತ್ತಾರೆ. ಗರ್ಭಗುಡಿಯ ಕಲ್ಲು ಬಿಚ್ಚಿದರೂ ನಿತ್ಯದ ದೀಪ ನಿಲ್ಲುವುದಿಲ್ಲ. ದಿನವೂ ಬರುವ ಅಜ್ಜಿ ಬರಿಗೈಯಲ್ಲಿ ಹಿಂದಿರುಗುವುದಿಲ್ಲ. ಇದರಲ್ಲಿ ಭಕ್ತಿಯ ಜೊತೆಗೆ ಒಂದು ವ್ಯವಹಾರಜ್ಞಾನವೂ ಇದೆ. ಕಟ್ಟಡ ಎಷ್ಟೇ ಹಳತಾಗಿರಲಿ, ಅದನ್ನು ಬಳಸುವವರ ದಿನಚರಿ ಇಂದಿನದು.

ತಂತ್ರಾಂಶ ತಯಾರಕರು ಬಳಕೆದಾರರ ಮಾತನ್ನು ಕೇಳುವುದೇ ಇಲ್ಲವೆಂದರೆ ಅನ್ಯಾಯವಾದೀತು. ದೊಡ್ಡ ಗುಂಪು ಕೂಗಿದರೆ ಕೇಳುತ್ತಾರೆ. 2012ರ ಅಕ್ಟೋಬರಿನಲ್ಲಿ ಹೊರಬಂದ ವಿಂಡೋಸ್ 8ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ‘ಸ್ಟಾರ್ಟ್’ ಗುಂಡಿಯನ್ನು ತೆಗೆದುಹಾಕಿತು. 1995ರಿಂದ ಪರದೆಯ ಮೂಲೆಯಲ್ಲಿ ಕುಳಿತು ಎಲ್ಲ ಕೆಲಸಕ್ಕೂ ಹೆಬ್ಬಾಗಿಲಾಗಿದ್ದ ಗುಂಡಿ ಅದು. ಜನ ತಬ್ಬಿಬ್ಬಾದರು, ಬೈದರು, ಬರೆದರು. ಒಂದು ವರ್ಷಕ್ಕೆ, 8.1 ಎಂಬ ಆವೃತ್ತಿಯಲ್ಲಿ, ಗುಂಡಿ ಹಿಂದಿರುಗಿತು. 2015ರ ಜುಲೈಯಲ್ಲಿ ಬಂದ ವಿಂಡೋಸ್ 10ರಲ್ಲಿ ಅದರೊಳಗಿನ ಪಟ್ಟಿಯೂ ಮರಳಿತು. ಕೋಟ್ಯಂತರ ಜನರ ಬೆರಳು ಒಂದೇ ಕಡೆ ತಡಕಾಡಿದಾಗ ಆ ತಡಕಾಟ ತಯಾರಕರಿಗೂ ಕಾಣುತ್ತದೆ. ಗುಂಪು ಚಿಕ್ಕದಾಗಿ, ನಷ್ಟ ದೊಡ್ಡದಾಗಿದ್ದರೆ?

ಇದಕ್ಕೆ 2018ರ ಅಕ್ಟೋಬರಿನ ಒಂದು ಪ್ರಸಂಗ ಉತ್ತರ ಹೇಳುತ್ತದೆ. ಆ ತಿಂಗಳ 2ನೆಯ ತಾರೀಖು ವಿಂಡೋಸ್ 10ರ ಹೊಸ ಆವೃತ್ತಿ ಬಿಡುಗಡೆಯಾಯಿತು. ಮೊದಲು ದೊರೆತದ್ದು ತಾವಾಗಿಯೇ ಕೇಳಿ ಹಾಕಿಸಿಕೊಂಡ ಉತ್ಸಾಹಿಗಳಿಗೆ. ಅವರಲ್ಲಿ ಕೆಲವರು ಕಂಪ್ಯೂಟರನ್ನು ತೆರೆದಾಗ ತಮ್ಮ ಕಾಗದಪತ್ರಗಳಿದ್ದ, ಭಾವಚಿತ್ರಗಳಿದ್ದ ಫೋಲ್ಡರುಗಳೇ ಇರಲಿಲ್ಲ. ಕೆಲವೇ ದಿನಗಳಲ್ಲಿ ಸಂಸ್ಥೆ ವಿತರಣೆಯನ್ನು ನಿಲ್ಲಿಸಿತು. ಸರಿಪಡಿಸಿ ಮತ್ತೆ ಬಿಡುಗಡೆ ಮಾಡಿದ್ದು ನವೆಂಬರ್ 13ರಂದು.

ಇದಾದದ್ದು ಹೇಗೆ ಎಂಬುದನ್ನು ಸಂಸ್ಥೆಯೇ ವಿವರಿಸಿತು. ವಿಂಡೋಸಿನಲ್ಲಿ ಬರಹಗಳಿಗೊಂದು, ಚಿತ್ರಗಳಿಗೊಂದು ಎಂದು ಸಿದ್ಧ ಫೋಲ್ಡರುಗಳಿರುತ್ತವೆ. ಸ್ಥಳ ಸಾಲದವರು ಅವನ್ನು ಬೇರೆ ಕಡೆಗೆ ವರ್ಗಾಯಿಸಿಕೊಳ್ಳಬಹುದು. ಹಾಗೆ ವರ್ಗಾಯಿಸಿಕೊಂಡವರಿಗೆ ಹಿಂದಿನ ಆವೃತ್ತಿಯಲ್ಲಿ ಒಂದು ಸಣ್ಣ ಕಿರಿಕಿರಿ ಉಂಟಾಗಿತ್ತು: ಅದೇ ಹೆಸರಿನ ಬರಿದಾದ ಫೋಲ್ಡರುಗಳು ಸುಮ್ಮನೆ ತಲೆಯೆತ್ತುತ್ತಿದ್ದವು. ಬಳಕೆದಾರರು ದೂರಿದರು. ಸಂಸ್ಥೆ ಆ ದೂರನ್ನು ಮನ್ನಿಸಿ, ಬರಿದಾದ ಆ ಜೋಡಿ ಫೋಲ್ಡರುಗಳನ್ನು ತೆಗೆದುಹಾಕುವ ಏರ್ಪಾಡನ್ನು ಹೊಸ ಆವೃತ್ತಿಯಲ್ಲಿ ಸೇರಿಸಿತು. ಆ ಏರ್ಪಾಡು ಇನ್ನೊಂದು ಬದಲಾವಣೆಯೊಡನೆ ಕೂಡಿಕೊಂಡು, ವರ್ಗಾವಣೆಯ ಅನಂತರವೂ ಕಡತಗಳು ಉಳಿದಿದ್ದ ಹಳೆಯ ಫೋಲ್ಡರುಗಳನ್ನೂ ಗುಡಿಸಿಹಾಕಿತು. ಕಸ ಹೆಚ್ಚಾಯಿತೆಂದು ಹೇಳಿದ್ದಕ್ಕೆ ಗುಡಿಸಲು ಬಂದವನು ಕಸದೊಡನೆ ಪೆಟ್ಟಿಗೆಯನ್ನೂ ಹೊತ್ತುಕೊಂಡು ಹೋದಂತಾಯಿತು.

ಇದಕ್ಕಿಂತ ಯೋಚಿಸಬೇಕಾದ ಸಂಗತಿ ಇನ್ನೊಂದಿದೆ. ಹೊಸ ಆವೃತ್ತಿಯನ್ನು ಮುಂಚಿತವಾಗಿ ಪರೀಕ್ಷಿಸಿ ನೋಡುವ ಸ್ವಯಂಸೇವಕರ ದೊಡ್ಡ ಬಳಗವನ್ನು ಸಂಸ್ಥೆ 2014ರಿಂದ ಕಟ್ಟಿಕೊಂಡು ಬಂದಿತ್ತು. ಅವರ ದೂರುಗಳನ್ನು ಪಡೆಯಲು ‘ಫೀಡ್‌ಬ್ಯಾಕ್ ಹಬ್’ ಎಂಬ ಕಟ್ಟೆಯಿತ್ತು. ಕಡತಗಳು ಮಾಯವಾಗುತ್ತಿವೆಯೆಂದು ಬಿಡುಗಡೆಗೆ ತಿಂಗಳುಗಳ ಮೊದಲೇ ಕೆಲವರು ಅಲ್ಲಿ ಬರೆದಿದ್ದರು. ಆದರೆ ಆ ಕಟ್ಟೆಯಲ್ಲಿ ಮೇಲೇರುವ ದೂರು ಯಾವುದು? ‘ನನಗೂ ಹೀಗೆಯೇ ಆಯಿತು’ ಎಂದು ಹೆಚ್ಚು ಜನ ಒತ್ತಿದ್ದು. ಇವರ ದೂರಿಗೆ ಒತ್ತಿದವರು ಕಡಮೆ. ಗುಂಡಿಯ ಬಣ್ಣ ಚೆನ್ನಾಗಿಲ್ಲವೆಂಬ ದೂರಿಗೆ ಸಾವಿರ ಜನ ಕೈಯೆತ್ತಬಹುದು. ಬದುಕಿನ ಬರಹಗಳೆಲ್ಲ ಹೋದವೆಂಬ ದೂರಿಗೆ ಕೈಯೆತ್ತುವವರು ಹಾಗೆ ಕಳೆದುಕೊಂಡ ಹತ್ತೆಂಟು ಮಂದಿ ಮಾತ್ರ. ಆ ಮಾತು ರಾಶಿಯ ಅಡಿಯಲ್ಲಿ ಉಳಿಯಿತು.

ಅನಾಹುತದ ಅನಂತರ ಸಂಸ್ಥೆ ಕೊಟ್ಟ ಲೆಕ್ಕದಂತೆ, ಆ ಆವೃತ್ತಿಯನ್ನು ಹಾಕಿಸಿಕೊಂಡವರಲ್ಲಿ ಕಡತನಷ್ಟದ ವರದಿ ಬಂದದ್ದು ಶೇಕಡಾ ಒಂದರ ನೂರನೆಯ ಒಂದು ಪಾಲು. ಎಂದರೆ ಹತ್ತುಸಾವಿರಕ್ಕೆ ಒಬ್ಬನಿಂದ. ಲೆಕ್ಕ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಮಗುವಿನ ಮೊದಲ ಹೆಜ್ಜೆಯ ಚಿತ್ರ ಕಳೆದುಕೊಂಡ ತಾಯಿ ಹತ್ತುಸಾವಿರದಲ್ಲೊಂದು ಪಾಲಿನಷ್ಟು ಮಾತ್ರ ಕಳೆದುಕೊಳ್ಳಲಿಲ್ಲ. ಅವಳ ಪಾಲಿಗೆ ಹೋದದ್ದು ನೂರಕ್ಕೆ ನೂರು.

ಸಂತೆಯಲ್ಲಿ ವೀಳ್ಯದೆಲೆಯನ್ನು ಎಣಿಸಿ ಕೊಡುತ್ತಾರೆ, ಬೆಲ್ಲವನ್ನು ತೂಗಿ ಕೊಡುತ್ತಾರೆ. ಎಣಿಸತಕ್ಕದ್ದು ಯಾವುದು, ತೂಗತಕ್ಕದ್ದು ಯಾವುದು ಎಂಬುದು ಅಂಗಡಿಯವನಿಗೆ ಗೊತ್ತು. ದೂರುಗಳನ್ನು ಸ್ವೀಕರಿಸುವ ಈ ಹೊಸ ಅಂಗಡಿಗಳು ಎಲ್ಲವನ್ನೂ ಎಲೆಯಂತೆ ಎಣಿಸಲು ಹೊರಟಿವೆ. ಎಣಿಕೆ ಯಂತ್ರಕ್ಕೆ ಸುಲಭ. ತೂಗಲು ಮನುಷ್ಯನೊಬ್ಬ ಕುಳಿತು ಓದಬೇಕಾಗುತ್ತದೆ.

ಕನ್ನಡಿಗರಾದ ನಮಗೆ ಈ ಎಣಿಕೆಯ ಬಿಸಿ ಬೇಗ ತಟ್ಟುತ್ತದೆ. 2011ರ ಜನಗಣತಿಯಂತೆ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು 4.37 ಕೋಟಿ. ಕೇಳಲು ದೊಡ್ಡ ಸಂಖ್ಯೆ. ಭಾರತದಲ್ಲೇ ಅದು ನೂರಕ್ಕೆ ನಾಲ್ಕನ್ನೂ ಮುಟ್ಟುವುದಿಲ್ಲ. ಅವರಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವವರು, ಬರೆದು ದೂರುವವರು ಎಂದು ಜರಡಿ ಹಿಡಿಯುತ್ತ ಹೋದರೆ ಕೊನೆಗೆ ಉಳಿಯುವವರು ಒಂದು ಬಸ್ಸಿಗೆ ಸಾಲುವಷ್ಟು ಜನ.

ನನ್ನದೇ ಒಂದು ಉದಾಹರಣೆ ಹೇಳುತ್ತೇನೆ. ‘ಸೂರ್ಯ’ ಎಂದು ಬರೆಯುವಾಗ ರಕಾರವನ್ನು ಅರ್ಕಾವತ್ತಾಗಿ ಕೊನೆಗೆ ಬರೆಯುತ್ತೇವೆ. ‘ರ‍್ಯಾಂಕು’ ಎಂದು ಬರೆಯುವಾಗ ರಕಾರವನ್ನು ಮೊದಲೇ ಇಟ್ಟು ಯಕಾರವನ್ನು ಅದರ ಕೆಳಗೆ ಒತ್ತಾಗಿ ಬರೆಯುತ್ತೇವೆ. ಈ ಎರಡನೆಯ ರೂಪ ಬರಬೇಕಾದರೆ ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣದ ಜೋಡಕ ಚಿಹ್ನೆಯೊಂದನ್ನು ನಡುವೆ ಸೇರಿಸಬೇಕು. ನಾನು ಹಲವು ವರ್ಷಗಳಿಂದ ನಮ್ಮ ಕಡೆಯ ಹಳ್ಳಿಗಳ ಆಡುಮಾತನ್ನು ಸಂಗ್ರಹಿಸುತ್ತಿದ್ದೇನೆ. ‘ಬರುತಾನೆ’ ಎಂಬುದು ಆಡುವವರ ಬಾಯಲ್ಲಿ ಉಕಾರವನ್ನು ನುಂಗಿಕೊಂಡಾಗ ‘ಬರ‍್ತಾನೆ’ ಎಂದೂ, ‘ಊರಿಗೆ’ ಎಂಬುದು ಇಕಾರ ಬಿಟ್ಟಾಗ ‘ಊರ‍್ಗೆ’ ಎಂದೂ ಬರೆದುಕೊಳ್ಳುತ್ತಿದ್ದೆ. ಸ್ವರ ಬಿದ್ದಿಲ್ಲದ ಕಡೆ ಅರ್ಕಾವತ್ತು. ಯಾರ ಬಾಯಲ್ಲಿ ಎಲ್ಲಿ ಸ್ವರ ಬಿತ್ತು ಎಂಬುದಕ್ಕೆ ಆ ರೂಪವೇ ಗುರುತು.

ನಾನು ಬಳಸುತ್ತಿದ್ದ ಟಿಪ್ಪಣಿ ತಂತ್ರಾಂಶದ ಹೊಸ ಆವೃತ್ತಿ ಬಂದ ದಿನ ಆ ಕಾಣದ ಚಿಹ್ನೆಗಳೆಲ್ಲ ಹೋದವು. ಅದರ ಪಾಲಿಗೆ ಅವು ಕಸ. ನನ್ನ ಸಂಗ್ರಹದ ತುಂಬ ಅರ್ಕಾವತ್ತುಗಳು ನಿಂತವು. ಯಾವುದು ಆಡಿದವರದು, ಯಾವುದು ಯಂತ್ರದ್ದು ಎಂದು ತಿಳಿಯುವ ಬಗೆಯಿಲ್ಲ. ಆ ಮಾತುಗಳನ್ನು ಆಡಿ ತೋರಿಸಿದ ಹಿರಿಯರಲ್ಲಿ ಹಲವರು ಈಗಿಲ್ಲ. ಹೋಗಿ ಮತ್ತೆ ಕೇಳೋಣವೆಂದರೆ ಯಾರನ್ನು ಕೇಳಲಿ?

ದೂರು ಬರೆದೆ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬಂತು. ಅಷ್ಟು ಬೇಗ ಬೆಲೆ ಕಟ್ಟಿದವರು ಓದಿರಲಾರರು ಎಂದು ಮತ್ತೊಮ್ಮೆ ಬರೆದೆ. ಈ ಸಲಹೆಗೆ ಇನ್ನಷ್ಟು ಬಳಕೆದಾರರ ಬೆಂಬಲ ದೊರೆತರೆ ಪರಿಶೀಲಿಸುತ್ತೇವೆ ಎಂದರು. ಬೆಂಬಲ ಸಂಗ್ರಹಿಸಿದೆ: ನಾನು, ನನ್ನ ಸ್ನೇಹಿತರೊಬ್ಬರು, ಅವರ ಶಿಷ್ಯ. ಒಟ್ಟು ಮೂರು ಮತ. ನಾನು ಸೇರಿಸಿದ್ದ ಗುರುತನ್ನು ಅಳಿಸುವಾಗ ಅವರು ಯಾರ ಮತವನ್ನೂ ಕೇಳಿರಲಿಲ್ಲ ಎಂಬುದನ್ನು ಇಲ್ಲಿ ಹೇಳಬೇಕು.

2018ರ ಪ್ರಸಂಗದಿಂದ ಕೆಲವು ಒಳ್ಳೆಯ ಫಲಗಳೂ ಬಂದವು. ದೂರು ಬರೆಯುವವನು ತನ್ನ ತೊಂದರೆ ಎಷ್ಟು ತೀವ್ರವಾದುದೆಂದು ಸೂಚಿಸಲು ಆ ಕಟ್ಟೆಯಲ್ಲಿ ಒಂದು ಅಂಕಣವನ್ನು ಸೇರಿಸಿದರು. ತಲೆಗಳನ್ನು ಎಣಿಸಿದರೆ ಸಾಲದು, ಭಾರವನ್ನೂ ಅಳೆಯಬೇಕು ಎಂಬ ತಿಳಿವಳಿಕೆ ಅದರಲ್ಲಿದೆ. ಮರುವರ್ಷ, 2019ರಲ್ಲಿ, ಮನೆಬಳಕೆಯವರೂ ಹೊಸ ಆವೃತ್ತಿಗಳನ್ನು 35 ದಿನಗಳವರೆಗೆ ತಡೆಹಿಡಿಯುವ ಅವಕಾಶ ಬಂತು. ಆ ವಿಂಡೋಸ್ 10ಕ್ಕೇ 2025ರ ಅಕ್ಟೋಬರ್ 14ರಂದು ಸಂಸ್ಥೆಯ ಸಾಮಾನ್ಯ ಬೆಂಬಲ ಮುಗಿಯಿತು. ಆವೃತ್ತಿಗಳು ಹೋಗುತ್ತವೆ, ಬರುತ್ತವೆ. ಪಾಠ ಉಳಿದರೆ ಸಾಕು.

ಬಳಕೆದಾರರಾದ ನಾವು ಕೇಳಬೇಕಾದದ್ದು ಬಹಳವಿಲ್ಲ. ಬೀಗದ ಬಿರುಕನ್ನು ಮುಚ್ಚುವ ತೇಪೆಯನ್ನೂ ಮನೆಯ ಅಲಂಕಾರವನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಕಳಿಸಬೇಡಿ. ಮೊದಲನೆಯದನ್ನು ಇಂದೇ ಕೊಡಿ, ಎರಡನೆಯದಕ್ಕೆ ನಮ್ಮ ಒಪ್ಪಿಗೆ ಕೇಳಿ. ಹೊಸ ಗುಡಿ ಸಿದ್ಧವಾಗುವವರೆಗೆ ಬಾಲಾಲಯದ ದೀಪ ಉರಿಯಲಿ, ಎಂದರೆ ಹಿಂದಿನ ಆವೃತ್ತಿಗೆ ಮರಳುವ ದಾರಿ ತೆರೆದಿರಲಿ. ಏನು ಬದಲಾಗುತ್ತದೆ ಎಂಬುದನ್ನು ಮೊದಲೇ, ನಮಗೆ ತಿಳಿಯುವ ಭಾಷೆಯಲ್ಲಿ ಹೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ‘ನನ್ನದು ಕಳೆದುಹೋಯಿತು’ ಎಂದು ಒಬ್ಬನೇ ಬಂದು ಬಾಗಿಲಲ್ಲಿ ನಿಂತಾಗ, ಹಿಂದೆ ಎಷ್ಟು ಜನ ನಿಂತಿದ್ದಾರೆಂದು ಇಣುಕಿ ನೋಡುವ ಮೊದಲು, ಏನು ಕಳೆಯಿತೆಂದು ಅವನನ್ನು ಕೇಳಿ.